ತೀರಿದ ಸಾಲದ ಚರಿತ್ರೆ: ಸೊಲ್ಲಾಪುರ ಸೀಮೆಯ ಕುಟುಂಬದ ಜಮಾಖರ್ಚು, 1875–1939

ದಖ್ಖಣದ ರೈತರ ಸಾಲವನ್ನು ಕುರಿತ ಚರಿತ್ರೆಯ ಬರಹ ವಿಪುಲವಾಗಿದೆ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದು ಸಾಲಪತ್ರಗಳನ್ನು ಸುಟ್ಟ ಘಟನೆಯಿಂದ ಈ ಬರಹ ಸಾಮಾನ್ಯವಾಗಿ ಆರಂಭವಾಗುತ್ತದೆ. ಅದರಲ್ಲಿ ಸಾಲ ಕೊಟ್ಟವನಿದ್ದಾನೆ, ಸಾಲ ತೀರಿಸಲಾಗದೆ ಭೂಮಿ ಕಳೆದುಕೊಂಡವನಿದ್ದಾನೆ, ಇವರಿಬ್ಬರ ನಡುವೆ ನಿಂತು ಶಾಸನ ರಚಿಸಿದ ಸರಕಾರವಿದೆ. ಸಾಲವನ್ನು ತೀರಿಸಿದ ಕುಟುಂಬ ಮಾತ್ರ ಇಲ್ಲ. ವರ್ಷದ ಜೋಳ, ಮಕ್ಕಳ ಬಟ್ಟೆ, ಕಂದಾಯ, ಮದುವೆ, ಬಡ್ಡಿ ಇವೆಲ್ಲವನ್ನೂ ಒಂದೇ ಆದಾಯದಲ್ಲಿ ಹೊಂದಿಸಿಕೊಂಡು, ಹತ್ತು ಹದಿನೈದು ವರ್ಷಗಳಲ್ಲಿ ಋಣಮುಕ್ತವಾದ ಮನೆಗಳು ಇದ್ದೇ ಇರಬೇಕು. ಅವು ನಮ್ಮ ಆಕರಗಳಿಂದ ಜಾರಿಹೋಗಿವೆ.

ಇದಕ್ಕೆ ಕಾರಣ ಸರಳವಾಗಿದೆ. ಸಾಲ ತೀರಿದಾಗ ಪತ್ರವನ್ನು ಹಿಂದಕ್ಕೆ ಪಡೆದು ಹರಿದುಹಾಕುವುದು ರೂಢಿ. ತೀರದ ಸಾಲ ಕೋರ್ಟಿಗೆ ಹೋಗುತ್ತದೆ, ಕೋರ್ಟಿನ ಕಡತವಾಗುತ್ತದೆ, ಕಡತ ಪತ್ರಾಗಾರ ಸೇರುತ್ತದೆ. ಹೀಗಾಗಿ ಪತ್ರಾಗಾರದಲ್ಲಿ ಉಳಿದಿರುವುದು ಸೋಲಿನ ದಾಖಲೆ. ಈ ಪ್ರಬಂಧವು ಸೊಲ್ಲಾಪುರ ಮತ್ತು ಅದರ ನೆರೆಯ ಅಕ್ಕಲಕೋಟೆ, ಜತ್ತ ಸೀಮೆಗಳನ್ನು ಮುಂದಿಟ್ಟುಕೊಂಡು, ಸಾಲ ತೀರಿಸುತ್ತಿದ್ದ ಕುಟುಂಬದ ಲೆಕ್ಕಾಚಾರವನ್ನು ಯಾವ ಆಕರಗಳಿಂದ, ಎಷ್ಟರಮಟ್ಟಿಗೆ ಮರಳಿ ಕಟ್ಟಬಹುದು ಎಂಬುದನ್ನು ಪರಿಶೀಲಿಸುತ್ತದೆ.

ಮೂರು ವರ್ಷದ ಪತ್ರ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಲದ ಹೊರೆ ಹೆಚ್ಚಿದ್ದು ಬಡ್ಡಿಯ ದರದಿಂದ ಮಾತ್ರವಲ್ಲ, ಪತ್ರದ ಆಯುಷ್ಯದಿಂದ ಕೂಡ. 1859ರ ಕಾಲಮಿತಿ ಶಾಸನವು ಸಾಲಪತ್ರದ ಮೇಲೆ ದಾವೆ ಹೂಡಲು ಮೂರು ವರ್ಷಗಳ ಗಡುವನ್ನು ವಿಧಿಸಿತು. ಹಳೆಯ ಸಾಲಗಳ ಕಾಟದಿಂದ ಸಾಲಗಾರನನ್ನು ಪಾರುಮಾಡುವುದು ಅದರ ಉದ್ದೇಶವಾಗಿತ್ತು. ಪರಿಣಾಮ ತದ್ವಿರುದ್ಧವಾಯಿತು. ಗಡುವು ಮುಗಿಯುವ ಮೊದಲೇ ಸಾಹುಕಾರನು ಹೊಸ ಪತ್ರ ಬರೆಸಿಕೊಳ್ಳತೊಡಗಿದನು. ಬಾಕಿ ಉಳಿದ ಬಡ್ಡಿಯೆಲ್ಲ ಹೊಸ ಪತ್ರದಲ್ಲಿ ಅಸಲಾಗಿ ನಮೂದಾಗುತ್ತಿತ್ತು.

ಒಂದು ನಿದರ್ಶನದ ಲೆಕ್ಕ ಹಾಕಬಹುದು. 100 ರೂಪಾಯಿ ಅಸಲಿಗೆ ವರ್ಷಕ್ಕೆ ಶೇಕಡ 24ರ ಸರಳ ಬಡ್ಡಿ ಎಂದುಕೊಂಡರೆ, ಏನನ್ನೂ ಕಟ್ಟದಿದ್ದಲ್ಲಿ ಒಂಬತ್ತು ವರ್ಷಗಳಿಗೆ ಆಗುವ ಬಡ್ಡಿ 216 ರೂಪಾಯಿ. ಒಟ್ಟು ಬಾಕಿ 316. ಅದೇ ಸಾಲವನ್ನು ಮೂರು ವರ್ಷಕ್ಕೊಮ್ಮೆ ಹೊಸ ಪತ್ರವಾಗಿ ಬರೆಸಿದರೆ ಮೂರನೆಯ ವರ್ಷದ ಕೊನೆಗೆ 172, ಆರನೆಯ ವರ್ಷಕ್ಕೆ ಸುಮಾರು 296, ಒಂಬತ್ತನೆಯ ವರ್ಷಕ್ಕೆ ಸುಮಾರು 509 ರೂಪಾಯಿ ಆಗುತ್ತದೆ. ಮುಂಬಯಿ ಪ್ರಾಂತದ ನ್ಯಾಯಾಲಯಗಳು ಮನ್ನಿಸುತ್ತಿದ್ದ ದಾಮದುಪ್ಪಟ್ಟಿನ ಹಳೆಯ ನಿಯಮವು ಬಡ್ಡಿಯ ಬಾಕಿ ಅಸಲನ್ನು ಮೀರಕೂಡದೆಂದು ಹೇಳುತ್ತಿತ್ತು. ಆ ನಿಯಮ ಜೀವಂತವಾಗಿದ್ದರೆ ಬಾಕಿ 200ಕ್ಕೆ ನಿಲ್ಲಬೇಕು. ಆದರೆ ಮೂರು ವರ್ಷದ ಪ್ರತಿಯೊಂದು ಪತ್ರದಲ್ಲಿಯೂ ಬಡ್ಡಿ ಅಸಲಿನ ಶೇಕಡ 72 ಮಾತ್ರ. ಯಾವ ಪತ್ರವೂ ದಾಮದುಪ್ಪಟ್ಟಿನ ಗಡಿಯನ್ನು ಮುಟ್ಟುವುದಿಲ್ಲ. ಧರ್ಮಶಾಸ್ತ್ರದ ಕಟ್ಟಳೆಯನ್ನು ಮುರಿಯದೆಯೇ ಅದನ್ನು ನಿರರ್ಥಕಗೊಳಿಸುವ ದಾರಿಯನ್ನು ಹೊಸ ಕಾನೂನು ತೆರೆದುಕೊಟ್ಟಿತ್ತು.

ಕುಟುಂಬದ ದೃಷ್ಟಿಯಿಂದ ಇದರ ಅರ್ಥವೇನು? ಮನೆಯವರು ಹೊಟ್ಟೆಬಟ್ಟೆ ಕಟ್ಟಿ ವರ್ಷವರ್ಷವೂ ಕೊಟ್ಟ ಹಣ ಯಾವ ಲೆಕ್ಕಕ್ಕೆ ಜಮಾ ಆಯಿತೆಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಕೊಟ್ಟದ್ದಕ್ಕೆ ರಸೀದಿ ಇಲ್ಲ. ಪತ್ರ ಮಾತ್ರ ಮೂರು ವರ್ಷಕ್ಕೊಮ್ಮೆ ದೊಡ್ಡದಾಗುತ್ತ ಹೋಗುತ್ತದೆ. ಸಾಲ ತೀರಿಸುವ ಸಂಕಲ್ಪವಿದ್ದ ಮನೆಗೂ ತೀರಿಸುವ ಲೆಕ್ಕ ಕೈಗೆ ಸಿಗುತ್ತಿರಲಿಲ್ಲ.

ಶಾಸನ ಬರೆದ ಮನೆಯ ಲೆಕ್ಕ

1875ರ ದಂಗೆಗಳ ವಿಚಾರಣೆಗೆ ನೇಮಕವಾದ ಆಯೋಗದ ವರದಿಯ ತರುವಾಯ 1879ರಲ್ಲಿ ದಖ್ಖಣ ಕೃಷಿಕರ ಪರಿಹಾರ ಶಾಸನ ಜಾರಿಗೆ ಬಂದಿತು. ಪುಣೆ, ಅಹಮದನಗರ, ಸಾತಾರಾ ಜಿಲ್ಲೆಗಳೊಡನೆ ಸೊಲ್ಲಾಪುರವೂ ಅದರ ವ್ಯಾಪ್ತಿಗೆ ಸೇರಿತು. ರಾಜಕೀಯ ಚರಿತ್ರೆಯಲ್ಲಿ ಈ ಶಾಸನವನ್ನು ಸಾಹುಕಾರ ಮತ್ತು ರೈತರ ವ್ಯಾಜ್ಯವನ್ನು ಶಮನಗೊಳಿಸುವ ಕ್ರಮವೆಂದು ಓದುತ್ತ ಬಂದಿದ್ದೇವೆ. ಅದನ್ನು ಕುಟುಂಬದ ಆಯವ್ಯಯವನ್ನು ಕುರಿತ ಪಠ್ಯವೆಂದೂ ಓದಲು ಸಾಧ್ಯವಿದೆ.

ಶಾಸನದ 12 ಮತ್ತು 13ನೆಯ ಕಲಮುಗಳು ನ್ಯಾಯಾಧೀಶನಿಗೆ ಪತ್ರದ ಹಿಂದಕ್ಕೆ ಹೋಗುವ ಅಧಿಕಾರ ಕೊಟ್ಟವು. ಪತ್ರದಲ್ಲಿ ಬರೆದಿರುವ ಮೊತ್ತವನ್ನು ಒಪ್ಪದೆ, ವ್ಯವಹಾರದ ಆರಂಭದಿಂದ ವಿಚಾರಣೆ ನಡೆಸಿ, ಅಸಲಿನ ಲೆಕ್ಕವನ್ನೂ ಬಡ್ಡಿಯ ಲೆಕ್ಕವನ್ನೂ ಬೇರೆಬೇರೆಯಾಗಿ ಬರೆಯಬೇಕಾಗಿತ್ತು. ಮೇಲಿನ ನಿದರ್ಶನದ 509 ರೂಪಾಯಿಯನ್ನು ಬಿಡಿಸಿ ಮತ್ತೆ 100 ರೂಪಾಯಿಯ ಮೂಲಕ್ಕೆ ತಲುಪುವ ಕ್ರಿಯೆ ಇದು. 20ನೆಯ ಕಲಮು ಡಿಕ್ರಿಯ ಹಣವನ್ನು ಕಂತುಗಳಲ್ಲಿ ಕಟ್ಟಲು ಅವಕಾಶ ನೀಡಿತು. 21ನೆಯ ಕಲಮು ಹಣದ ಡಿಕ್ರಿಗಾಗಿ ಕೃಷಿಕನನ್ನು ಬಂಧಿಸುವುದನ್ನು ನಿಷೇಧಿಸಿತು.

ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು 22ನೆಯ ಕಲಮು. ನಿರ್ದಿಷ್ಟವಾಗಿ ಅಡವಿಡದ ಸ್ಥಿರಾಸ್ತಿಯನ್ನು ಜಪ್ತಿ ಮಾಡಿ ಮಾರಕೂಡದು. ಆದರೆ ಸಾಲಗಾರನಿಗೂ ಅವನನ್ನು ಅವಲಂಬಿಸಿದ ಕುಟುಂಬದವರಿಗೂ ಜೀವನಾಧಾರಕ್ಕೆ ಬೇಕಿಲ್ಲವೆಂದು ಕಲೆಕ್ಟರನಿಗೆ ತೋರಿದ ಭೂಮಿಯನ್ನು ಅವನು ಏಳು ವರ್ಷ ಮೀರದ ಅವಧಿಗೆ ವಶಕ್ಕೆ ತೆಗೆದುಕೊಂಡು, ಅದರ ಉತ್ಪನ್ನದಿಂದ ಸಾಲ ತೀರಿಸಬಹುದು. ಇಲ್ಲಿ ಸರಕಾರಿ ಅಧಿಕಾರಿಯೊಬ್ಬ ಒಂದು ಮನೆಗೆ ಎಷ್ಟು ಸಾಕೆಂಬ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ. ಎಷ್ಟು ಮಂದಿ ಉಣ್ಣುವವರು, ಎಷ್ಟು ಎಕರೆಯ ಜೋಳ ಅವರ ರೊಟ್ಟಿಗೆ ಆದೀತು, ಎತ್ತುಗಳಿಗೆ ಮೇವೆಷ್ಟು ಎಂಬುದೆಲ್ಲ ಆ ಪ್ರಶ್ನೆಯೊಳಗಿದೆ. ಶಾಸನದ ತರ್ಕದಲ್ಲಿ ಜೀವನಾಧಾರ ಮೊದಲು, ಸಾಲದ ಕಂತು ಅನಂತರ. ಸಾಹುಕಾರನ ಖಾತೆಯಲ್ಲಿದ್ದ ಕ್ರಮವನ್ನು ಇದು ತಿರುವುಮುರುವು ಮಾಡಿತು.

64ರಿಂದ 66ರವರೆಗಿನ ಕಲಮುಗಳು ಇನ್ನೊಂದು ಹೆಜ್ಜೆ ಮುಂದಿಟ್ಟವು. ಹಣ ಕಟ್ಟಿದಾಗ ಲಿಖಿತ ರಸೀದಿ, ವರ್ಷಕ್ಕೊಮ್ಮೆ ಲೆಕ್ಕದ ತಖ್ತೆ, ಬಯಸಿದರೆ ಪಾಸ್‌ಬುಕ್ ಪಡೆಯುವ ಹಕ್ಕು ಸಾಲಗಾರನಿಗೆ ದೊರೆಯಿತು. ತೀರಿಸುವಿಕೆಯನ್ನು ದಾಖಲಿಸುವ ಬರಹದ ಪ್ರಕಾರವೊಂದು ಈ ಮೂಲಕ ಕಾನೂನಿನ ಮನ್ನಣೆ ಗಳಿಸಿತು. ಮಹಾದೇವ ಗೋವಿಂದ ರಾನಡೆಯವರು 1880ರ ದಶಕದಲ್ಲಿ ಈ ಶಾಸನದ ಜಾರಿಯ ಮೇಲ್ವಿಚಾರಣೆಯಲ್ಲಿ ದುಡಿದು ಮುಂದೆ ವಿಶೇಷ ನ್ಯಾಯಾಧೀಶರಾದರು. ಅವರ ಆರ್ಥಿಕ ಚಿಂತನೆಯಲ್ಲಿ ಗ್ರಾಮೀಣ ಸಾಲದ ಪ್ರಶ್ನೆಗೆ ದೊರೆತ ಪ್ರಾಧಾನ್ಯವನ್ನು ಈ ಅನುಭವದೊಡನೆ ಸೇರಿಸಿ ಓದಬೇಕು.

ಶಾಸನದ ಮಿತಿಗಳೂ ಬೇಗನೆ ಕಾಣಿಸಿಕೊಂಡವು. ಅಡವಿನ ಮೇಲೆ ಕಟ್ಟಳೆ ಬಿಗಿಯಾದಂತೆ ಸಾಹುಕಾರರು ಅಡವಿನ ಬದಲು ಖರೀದಿಪತ್ರ ಬರೆಸಿಕೊಳ್ಳತೊಡಗಿದರು. ಬಾಯಿಮಾತಿನಲ್ಲಿ ಅದು ಅಡವು, ಕಾಗದದಲ್ಲಿ ಮಾರಾಟ. ಸಾಲವೇ ದುರ್ಲಭವಾಯಿತೆಂಬ ದೂರು ಎದ್ದಿತು. ಮೇಲಾಗಿ, ಬ್ರಿಟಿಷ್ ಭಾರತದ ಶಾಸನವು ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಅಕ್ಕಲಕೋಟೆಯೂ ಜತ್ತವೂ ಸಂಸ್ಥಾನಗಳು. ಒಂದೇ ಬೀಗತನದ ಎರಡು ಮನೆಗಳಲ್ಲಿ ಒಂದು ಸೊಲ್ಲಾಪುರ ತಾಲೂಕಿನಲ್ಲಿ, ಇನ್ನೊಂದು ಅಕ್ಕಲಕೋಟೆಯಲ್ಲಿ ಇದ್ದರೆ, ಒಂದೇ ಬಗೆಯ ಸಾಲಕ್ಕೆ ಎರಡು ಬಗೆಯ ಕಾನೂನು. ಭಾಷೆಯ ಗಡಿಯನ್ನು ನಾವು ಬಹುಕಾಲದಿಂದ ಚರ್ಚಿಸುತ್ತಿದ್ದೇವೆ. ಬಡ್ಡಿಯ ಗಡಿ ಯಾವ ಹೊಲದ ಬದುವಿನ ಮೇಲೆ ಹಾದುಹೋಗಿತ್ತೆಂಬುದನ್ನು ಇನ್ನೂ ಗುರುತಿಸಿಲ್ಲ.

ಬರೆದ ಭಾಷೆ, ಎಣಿಸಿದ ಭಾಷೆ

ಸೊಲ್ಲಾಪುರದ ದಕ್ಷಿಣ ಭಾಗದ ಮತ್ತು ಅಕ್ಕಲಕೋಟೆಯ ಬಹುಸಂಖ್ಯೆಯ ಕುಟುಂಬಗಳಲ್ಲಿ ಮನೆಮಾತು ಕನ್ನಡ. ಆಡಳಿತದ ಭಾಷೆ ಮರಾಠಿ. ಪತ್ರ ಬರೆಯುತ್ತಿದ್ದುದು ಹೆಚ್ಚಾಗಿ ಮೋಡಿ ಲಿಪಿಯಲ್ಲಿ. ಸಾಲವನ್ನು ಎಣಿಸಿದ ಭಾಷೆ ಒಂದು, ಬರೆದ ಭಾಷೆ ಇನ್ನೊಂದು. ಕೃಷಿಕನು ಬರೆದುಕೊಡುವ ಪತ್ರಗಳು ಗ್ರಾಮದ ನೋಂದಣಿಕಾರನ ಸಮಕ್ಷಮ ಆಗಬೇಕೆಂದು 1879ರ ಶಾಸನ ವಿಧಿಸಿದ್ದು ಓದುಬಾರದವರ ರಕ್ಷಣೆಗಾಗಿ. ಆದರೆ ಓದಿ ಹೇಳುವ ಮಾತು ಯಾವ ಭಾಷೆಯಲ್ಲಿ ಇರಬೇಕೆಂಬ ಪ್ರಶ್ನೆ ಕನ್ನಡ ಮನೆಗಳಿಗೆ ಹೆಚ್ಚಿನದಾಗಿತ್ತು.

ಈ ಸೀಮೆಯ ಲೆಕ್ಕದ ಪದಕೋಶವೇ ಈ ಸ್ಥಿತಿಗೆ ಸಾಕ್ಷಿ. ಜಮಾ, ಖರ್ಚು, ಬಾಕಿ, ಅಸಲು, ವಸೂಲಿ, ಜಪ್ತಿ ಇವು ಅರಬ್ಬೀ ಪಾರಸಿ ಮೂಲದಿಂದ ಕಚೇರಿಯ ದಾರಿಯಾಗಿ ಕನ್ನಡಕ್ಕೂ ಮರಾಠಿಗೂ ಬಂದ ಮಾತುಗಳು. ಸಾಲ, ಕೈಗಡ, ಎರವು, ಒತ್ತೆ ಇವು ಮನೆಯೊಳಗಿನ ಮಾತುಗಳು. ಎರವು ಎಂದರೆ ತಂದ ವಸ್ತುವನ್ನೇ, ತಂದ ಅಳತೆಯಲ್ಲೇ ಹಿಂದಿರುಗಿಸುವುದು. ಕೈಗಡವೆಂದರೆ ಪತ್ರವಿಲ್ಲದ, ನಂಬಿಕೆಯ ಅಲ್ಪಾವಧಿಯ ಹಣ. ಪತ್ರವಿರುವ ಸಾಲಕ್ಕೆ ಕಚೇರಿಯ ಪದ, ಪತ್ರವಿಲ್ಲದ ಸಾಲಕ್ಕೆ ಮನೆಯ ಪದ ಎಂಬ ವಿಭಾಗ ಸಂಪೂರ್ಣವಲ್ಲವಾದರೂ ಗಮನಾರ್ಹವಾಗಿದೆ. ಮರಾಠಿಯಲ್ಲಿ ‘ವ್ಯಾಜ’ವೆಂದರೆ ಬಡ್ಡಿ, ಕನ್ನಡದಲ್ಲಿ ಅದೇ ಸಂಸ್ಕೃತ ಶಬ್ದಕ್ಕೆ ನೆಪವೆಂದು ಅರ್ಥ. ಎರಡೂ ಭಾಷೆಗಳನ್ನು ಆಡುವ ಸೊಲ್ಲಾಪುರದವರಿಗೆ ಈ ಶ್ಲೇಷೆಯನ್ನು ವಿವರಿಸಬೇಕಾಗಿಲ್ಲ.

ಇದರಿಂದ ಒಂದು ವಿಧಾನದ ತೊಡಕು ಹುಟ್ಟುತ್ತದೆ. ಬರೆದಿಟ್ಟ ಸಾಲ ಮಾತ್ರ ನಮಗೆ ಕಾಣುವುದರಿಂದ, ಕುಟುಂಬದ ಸಾಲವೆಲ್ಲ ಸಾಹುಕಾರನ ಸಾಲವೆಂದೇ ತೋರುತ್ತದೆ. ನೆರೆಮನೆಯಿಂದ ತಂದ ಎರವಿನ ಜೋಳ, ತವರುಮನೆಯ ಕೈಗಡ, ಕಿರಾಣಿ ಅಂಗಡಿಯ ಉದ್ದರಿ ಇವು ಯಾವ ಕೋರ್ಟಿನ ಕಡತದಲ್ಲಿಯೂ ಇಲ್ಲ. ಆದರೆ ಮನೆಯ ಆಯವ್ಯಯ ನಿಂತಿರುತ್ತಿದ್ದುದು ಇವುಗಳ ಮೇಲೆ.

ಗಿರಣಿಯ ಸಂಬಳ

1876–78ರ ಬರಗಾಲ ಸೊಲ್ಲಾಪುರ ಸೀಮೆಯನ್ನು ತೀವ್ರವಾಗಿ ಬಾಧಿಸಿತು. ಅದೇ ಕಾಲದಲ್ಲಿ, 1877ರಲ್ಲಿ, ಊರಿನ ಮೊದಲ ಬಟ್ಟೆ ಗಿರಣಿ ಆರಂಭವಾಯಿತು. ಮುಂದಿನ ಮೂರು ದಶಕಗಳಲ್ಲಿ ಇತರ ಗಿರಣಿಗಳು ಎದ್ದು, ಹಳ್ಳಿಯ ಸಾಲವನ್ನು ಪಟ್ಟಣದ ಸಂಬಳದಿಂದ ತೀರಿಸುವ ಹೊಸ ದಾರಿ ತೆರೆಯಿತು. ಆದರೆ ಈ ದಾರಿ ಹಿಡಿದವನು ಒಂದು ರಕ್ಷಣೆಯನ್ನು ಬಿಟ್ಟುಹೋಗುತ್ತಿದ್ದನು. 1879ರ ಶಾಸನದ ‘ಕೃಷಿಕ’ನೆಂದರೆ ಸಂಪೂರ್ಣವಾಗಿ ಇಲ್ಲವೆ ಮುಖ್ಯವಾಗಿ ಬೇಸಾಯದಿಂದ ಜೀವಿಸುವವನು. ಸಾಲ ತೀರಿಸಲೆಂದೇ ಗಿರಣಿ ಸೇರಿದವನ ಆದಾಯದ ಮುಖ್ಯ ಭಾಗ ಸಂಬಳವಾದರೆ ಅವನು ಆ ವ್ಯಾಖ್ಯೆಯಿಂದ ಹೊರಗಾಗಬಹುದಿತ್ತು.

ಪಟ್ಟಣದ ಕುಟುಂಬದ ಲೆಕ್ಕಕ್ಕೆ ನಮಗಿರುವ ಮುಖ್ಯ ಆಕರ ಮುಂಬಯಿ ಸರಕಾರದ ಕಾರ್ಮಿಕ ಕಚೇರಿ ನಡೆಸಿದ ಕೌಟುಂಬಿಕ ಆಯವ್ಯಯದ ಸಮೀಕ್ಷೆಗಳು. ಮೊದಲನೆಯದನ್ನು ಜಿ. ಫಿಂಡ್ಲೆ ಶಿರ್ರಾಸ್ ಅವರು ಮುಂಬಯಿ ನಗರದ ಕಾರ್ಮಿಕ ಕುಟುಂಬಗಳಲ್ಲಿ 1921–22ರಲ್ಲಿ ನಡೆಸಿದರು. ಅದೇ ದಶಕದಲ್ಲಿ ಅಹಮದಾಬಾದು ಮತ್ತು ಸೊಲ್ಲಾಪುರದ ಗಿರಣಿ ಕಾರ್ಮಿಕರ ಸಮೀಕ್ಷೆಗಳೂ ಆದವು. ಮುಂಬಯಿಯ ಸಮೀಕ್ಷೆ ಮಾದರಿಯಾದುದರಿಂದ ಅದರ ರಚನೆಯನ್ನು ನೋಡಬೇಕು. ಕುಟುಂಬದ ಸರಾಸರಿ ಮಾಸಿಕ ಆದಾಯ 52 ರೂಪಾಯಿ 4 ಆಣೆ 6 ಪೈ. ವೆಚ್ಚದಲ್ಲಿ ಆಹಾರಕ್ಕೆ ಶೇಕಡ 56.8, ಉರುವಲು ಮತ್ತು ದೀಪಕ್ಕೆ 7.4, ಬಟ್ಟೆಗೆ 9.6, ಮನೆಬಾಡಿಗೆಗೆ 7.7, ಇತರೆಗೆ 18.5. ಸಾಲದ ಬಡ್ಡಿ ಎಲ್ಲಿದೆ? ‘ಇತರೆ’ಯಲ್ಲಿ, ಕ್ಷೌರ, ಸಾಬೂನು, ಎಲೆಅಡಿಕೆ, ಔಷಧಗಳ ಜೊತೆಗೆ.

ಅದೇ ವರದಿಯಂತೆ ಶೇಕಡ 47ರಷ್ಟು ಕುಟುಂಬಗಳಿಗೆ ಸಾಲವಿತ್ತು. ಸಾಲದ ಸರಾಸರಿ ಮೊತ್ತ ಸುಮಾರು ಎರಡೂವರೆ ತಿಂಗಳ ಗಳಿಕೆ. ರೂಢಿಯ ಬಡ್ಡಿ ರೂಪಾಯಿಗೆ ತಿಂಗಳಿಗೆ ಒಂದು ಆಣೆ, ಎಂದರೆ ವರ್ಷಕ್ಕೆ ಶೇಕಡ 75. ಈ ಮೂರು ಸಂಗತಿಗಳನ್ನು ಒಂದುಗೂಡಿಸಿದರೆ ವರದಿಯ ಕೋಷ್ಟಕ ಹೇಳದ ಮಾತೊಂದು ಕೇಳಿಸುತ್ತದೆ. ಎರಡೂವರೆ ತಿಂಗಳ ಗಳಿಕೆಯೆಂದರೆ ಸುಮಾರು 130 ರೂಪಾಯಿ. ಅಷ್ಟೂ ಸಾಲ ಆ ದರದ್ದೇ ಆಗಿದ್ದರೆ ತಿಂಗಳ ಬಡ್ಡಿ 130 ಆಣೆ, ಎಂದರೆ 8 ರೂಪಾಯಿ 2 ಆಣೆ. ಆದಾಯದ ಶೇಕಡ ಹದಿನೈದೂವರೆ. ಮನೆಬಾಡಿಗೆಯ ಎರಡರಷ್ಟು. ಸಾಲವಿದ್ದ ಮನೆಯಲ್ಲಿ ‘ಇತರೆ’ ಎಂಬ ಕಾಲಮಿನ ಬಹುಭಾಗವನ್ನು ಬಡ್ಡಿಯೊಂದೇ ನುಂಗಬಲ್ಲದಾಗಿತ್ತು. ಸಾಲವಿದ್ದ ಮನೆ, ಇಲ್ಲದ ಮನೆ ಎರಡನ್ನೂ ಒಂದೇ ಸರಾಸರಿಯಲ್ಲಿ ಬೆರೆಸಿದ್ದರಿಂದ ಈ ವ್ಯತ್ಯಾಸ ಮರೆಯಾಯಿತು. ಕಾರ್ಮಿಕರು ತಿನ್ನುತ್ತಿದ್ದ ಧಾನ್ಯ ಮುಂಬಯಿ ಜೈಲು ಕೈಪಿಡಿ ಕೈದಿಗಳಿಗೆ ಗೊತ್ತುಪಡಿಸಿದ್ದಕ್ಕಿಂತ ಕಡಿಮೆಯೆಂದು ಇದೇ ವರದಿ ಹೇಳಿತು. ಬಡ್ಡಿ ಯಾವುದನ್ನು ಕಡಿಮೆಮಾಡಿ ಸಂದಾಯವಾಗುತ್ತಿತ್ತೆಂಬುದಕ್ಕೆ ಬೇರೆಡೆ ಹುಡುಕಬೇಕಿಲ್ಲ.

ಈ ಬಡ್ಡಿಯ ದರದಲ್ಲಿ ತೀರಿಸುವ ಕ್ರಿಯೆಯ ಸ್ವರೂಪವನ್ನೂ ಗಮನಿಸಬೇಕು. 40 ರೂಪಾಯಿ ಸಾಲಕ್ಕೆ ತಿಂಗಳ ಬಡ್ಡಿ ಎರಡೂವರೆ ರೂಪಾಯಿ. ತಿಂಗಳಿಗೆ ಎರಡೂವರೆ ರೂಪಾಯಿ ಉಳಿಸಬಲ್ಲ ಮನೆ ಜನ್ಮವಿಡೀ ಕಟ್ಟಿದರೂ ಅಸಲು ಹಾಗೆಯೇ ಇರುತ್ತದೆ. ಮೂರೂವರೆ ಉಳಿಸಿದರೆ ಮೊದಲ ತಿಂಗಳಲ್ಲಿ ಅಸಲು ಒಂದು ರೂಪಾಯಿ ಇಳಿಯುತ್ತದೆ. ಋಣಮುಕ್ತಿಗೂ ನಿತ್ಯಋಣಕ್ಕೂ ನಡುವಿನ ಅಂತರ ತಿಂಗಳಿಗೆ ಒಂದು ರೂಪಾಯಿ. ಸೊಲ್ಲಾಪುರದ ಗಿರಣಿಗಳು ಕಾರ್ಮಿಕರಿಗೆ ಪೇಟೆಗಿಂತ ಕಡಿಮೆ ದರದಲ್ಲಿ ಧಾನ್ಯ ಒದಗಿಸುತ್ತಿದ್ದ ಪದ್ಧತಿಯ ಮಹತ್ತ್ವವನ್ನು ಈ ಒಂದು ರೂಪಾಯಿಯ ಅಳತೆಯಿಂದ ನೋಡಬೇಕು.

1931ರಲ್ಲಿ ವರದಿ ಸಲ್ಲಿಸಿದ ಭಾರತೀಯ ಕಾರ್ಮಿಕರನ್ನು ಕುರಿತ ರಾಯಲ್ ಆಯೋಗ ಹೆಚ್ಚಿನ ಕೈಗಾರಿಕಾ ಕೇಂದ್ರಗಳಲ್ಲಿ ಮೂರರಲ್ಲಿ ಎರಡು ಪಾಲು ಕಾರ್ಮಿಕರು ಸಾಲದಲ್ಲಿದ್ದಾರೆಂದು ಅಂದಾಜಿಸಿತು. ಸಂಬಳ ತಡವಾಗಿ ಸಿಗುವುದೇ ಉದ್ದರಿಯ ಮೂಲವೆಂಬ ಅರಿವಿನ ಹಿನ್ನೆಲೆಯಲ್ಲಿ 1936ರ ವೇತನ ಪಾವತಿ ಶಾಸನ ಬಂದಿತು. ವೇತನದ ಅವಧಿ ಒಂದು ತಿಂಗಳನ್ನು ಮೀರಕೂಡದು. ಸಾವಿರಕ್ಕಿಂತ ಕಡಿಮೆ ಕಾರ್ಮಿಕರಿರುವಲ್ಲಿ ಏಳನೆಯ ದಿನದೊಳಗೆ, ಉಳಿದೆಡೆ ಹತ್ತನೆಯ ದಿನದೊಳಗೆ ವೇತನ ಕೊಡಬೇಕು ಎಂದು ಅದು ವಿಧಿಸಿತು.

ತೀರಿಸುವ ಕ್ರಮ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಮಿತವ್ಯಯದ ಸೂತ್ರವಾಗಿ ಬಳಕೆಯಲ್ಲಿದೆ. ಅದು ಹಾಸಿಗೆಯ ಉದ್ದ ಗೊತ್ತಿದೆ, ಮತ್ತು ವರ್ಷದಿಂದ ವರ್ಷಕ್ಕೆ ಅಷ್ಟೇ ಇರುತ್ತದೆಂದು ಭಾವಿಸುತ್ತದೆ. ಹಿಂಗಾರಿ ಜೋಳವನ್ನು ನಂಬಿದ ಸೊಲ್ಲಾಪುರ, ಜತ್ತ ಸೀಮೆಗಳಲ್ಲಿ ಹಾಸಿಗೆಯ ಉದ್ದವನ್ನು ಮಳೆ ನಿರ್ಧರಿಸುತ್ತದೆ. ಇಂಥಲ್ಲಿ ಮಿತವ್ಯಯಕ್ಕಿಂತ ಮುಖ್ಯವಾದುದು ಯಾವುದನ್ನು ಮೊದಲು ತೀರಿಸಬೇಕೆಂಬ ವಿವೇಕ.

ಶುದ್ಧ ಗಣಿತದ ಪ್ರಕಾರ ಅತ್ಯಧಿಕ ಬಡ್ಡಿಯ ಸಾಲವನ್ನು ಮೊದಲು ತೀರಿಸಬೇಕು. ಮನೆಯ ವಿವೇಕ ಹಾಗೆ ನಡೆಯಲೇಬೇಕೆಂದಿಲ್ಲ. ಬಡ್ಡಿಯಿಲ್ಲದ ಎರವಿನ ಜೋಳವನ್ನು ಸುಗ್ಗಿಯಾದೊಡನೆ ಹಿಂದಿರುಗಿಸದಿದ್ದರೆ ಮುಂದಿನ ಬರಗಾಲದಲ್ಲಿ ಆ ಬಾಗಿಲು ಮುಚ್ಚುತ್ತದೆ. ಕಿರಾಣಿ ಉದ್ದರಿಯನ್ನು ಸ್ವಲ್ಪವಾದರೂ ಕಟ್ಟದಿದ್ದರೆ ಮರುದಿನದ ಎಣ್ಣೆ ಉಪ್ಪು ಬರುವುದಿಲ್ಲ. ಪತ್ರದ ಸಾಲ ಬೆಳೆಯುತ್ತದೆ, ಆದರೆ ಕಾಯುತ್ತದೆ. ಆದುದರಿಂದ ಅಗ್ಗದ ಸಾಲ ಮೊದಲು ತೀರಿ, ದುಬಾರಿ ಸಾಲ ಉಳಿದುಕೊಳ್ಳುವುದು ಅವಿವೇಕದ ಲಕ್ಷಣವಲ್ಲ. ಮುಂದಿನ ಅವಘಡಕ್ಕೆ ಬೇಕಾದ ಸಂಬಂಧಗಳನ್ನು ಕಾಪಾಡಿಕೊಳ್ಳುವ ಕ್ರಮ. ಅದರ ಬೆಲೆಯನ್ನು ಕುಟುಂಬ ಬಡ್ಡಿಯ ರೂಪದಲ್ಲಿ ತೆರುತ್ತಿತ್ತು.

ಈ ಕ್ರಮದ ನಿರ್ವಹಣೆ ಬಹುಮಟ್ಟಿಗೆ ಹೆಂಗಸರದು. ಹಗೇವಿನ ಜೋಳ ಎಷ್ಟು ತಿಂಗಳಿಗೆ ಆದೀತೆಂದು ಅಂದಾಜಿಸುವುದು, ಹೈನಿನ ಚಿಲ್ಲರೆಯನ್ನು ಬೇರೆ ತೆಗೆದಿಡುವುದು, ಕೊನೆಗೆ ಬೋರಮಾಳವನ್ನೋ ಪಾಟಲಿಯನ್ನೋ ಒತ್ತೆಯಿಡಲು ಒಪ್ಪುವುದು, ಇವು ಅವರ ನಿರ್ಧಾರಗಳು. ಆದರೆ ಪತ್ರದ ಮೇಲೆ ಇರುವುದು ಗಂಡಸಿನ ಹೆಬ್ಬೆಟ್ಟು. ಪುಣೆ ಜಿಲ್ಲೆಯ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿ 1917 ಮತ್ತು 1921ರಲ್ಲಿ ಪ್ರಕಟಿಸಿದ ಹೆರಾಲ್ಡ್ ಮನ್ ಅವರು ಕುಟುಂಬಗಳನ್ನು ಭೂಮಿಯಿಂದಲೇ ಬದುಕಬಲ್ಲವು, ಹೊರಗಿನ ದುಡಿಮೆ ಸೇರಿದರೆ ಬದುಕಬಲ್ಲವು, ಎರಡೂ ಸೇರಿದರೂ ಸಾಲದವು ಎಂದು ಮೂರಾಗಿ ವಿಂಗಡಿಸಿದರು. ಎರಡನೆಯ ಮತ್ತು ಮೂರನೆಯ ಗುಂಪುಗಳ ನಡುವಿನ ಗೆರೆಯನ್ನು ಅನೇಕ ವೇಳೆ ನಿರ್ಧರಿಸುತ್ತಿದ್ದುದು ಲೆಕ್ಕಕ್ಕೆ ಬಾರದ ಈ ದುಡಿಮೆಯೇ ಎಂದು ಊಹಿಸಲು ಸಾಕಷ್ಟು ಆಧಾರವಿದೆ.

ಮುಂದಿನ ಕೆಲಸ

ಸಹಕಾರದ ದಾರಿ 1904ರ ಶಾಸನದಿಂದ ತೆರೆಯಿತು; 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ನೇತೃತ್ವದ ಸಂಘ ಸ್ಥಾಪನೆಯಾಯಿತು. ಮುಂಬಯಿ ಪ್ರಾಂತದಲ್ಲಿ 1939ರ ಕೃಷಿ ಸಾಲಗಾರರ ಪರಿಹಾರ ಶಾಸನವು ಸಾಲವನ್ನು ತೀರಿಸುವ ಸಾಮರ್ಥ್ಯಕ್ಕೆ ತಕ್ಕಂತೆ ಇಳಿಸಿ ಕಂತು ಕಟ್ಟುವ ವ್ಯವಸ್ಥೆ ಮಾಡಿತು. ಆದರೂ ರಿಸರ್ವ್ ಬ್ಯಾಂಕಿನ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯಂತೆ 1951–52ರಲ್ಲಿ ಕೃಷಿಕರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡ 3ರಷ್ಟು ಮಾತ್ರ. ಸಾಹುಕಾರರದು ಶೇಕಡ 70ರ ಸಮೀಪ. ಎಂದರೆ ಮುಕ್ಕಾಲು ಶತಮಾನದ ಶಾಸನಗಳ ಅನಂತರವೂ ಸಾಲ ತೀರಿಸುವ ಭಾರ ಹಿಂದಿನಂತೆಯೇ ಮನೆಯ ಲೆಕ್ಕಾಚಾರದ ಮೇಲಿತ್ತು.

ಆ ಲೆಕ್ಕಾಚಾರದ ಅವಶೇಷಗಳು ಎಲ್ಲಿ ಇರಬಹುದು? ರಸೀದಿಗಳಲ್ಲಿ, ಪಾಸ್‌ಬುಕ್ಕುಗಳಲ್ಲಿ, ಕಿರಾಣಿ ಅಂಗಡಿಗಳ ಉದ್ದರಿ ವಹಿಗಳಲ್ಲಿ, ಸಹಕಾರ ಸಂಘಗಳ ಹಳೆಯ ಖಾತೆಗಳಲ್ಲಿ. ಇವು ಬಹಳಷ್ಟು ಮೋಡಿಯಲ್ಲಿವೆ. ಅವುಗಳನ್ನು ಹೊಂದಿರುವ ಕನ್ನಡ ಮನೆಗಳಿಗೆ ಇಂದು ಆ ಲಿಪಿ ಬಾರದು. ಮೋಡಿ ಬಲ್ಲವರಲ್ಲಿ ಹೆಚ್ಚಿನವರಿಗೆ ಕನ್ನಡ ಬಾರದು. ಮನೆಯನ್ನು ಹೊಸದಾಗಿ ಕಟ್ಟಿಸುವಾಗ ಮೊದಲು ಹೊರಬೀಳುವುದು ಇಂಥ ಓದಲಾಗದ ಕಾಗದಗಳ ಗಂಟು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಗಳಲ್ಲಿ ಮೋಡಿ ಬಲ್ಲ ಒಬ್ಬರೂ ಕನ್ನಡ ಬಲ್ಲ ಒಬ್ಬರೂ ಕೂಡಿ ಇವುಗಳ ಸಮೀಕ್ಷೆ ನಡೆಸುವುದು, ಜೊತೆಗೆ ಎರವು ಕೈಗಡಗಳ ಪದ್ಧತಿಯನ್ನು ಮನೆಯ ಹಿರಿಯ ಹೆಂಗಸರ ಬಾಯಿಂದ ಕೇಳಿ ದಾಖಲಿಸುವುದು ತುರ್ತಿನ ಕೆಲಸ. ಗಡಿನಾಡಿನ ಕನ್ನಡದ ಚರಿತ್ರೆಯನ್ನು ಶಾಸನಗಳಿಂದ, ಕಾವ್ಯಗಳಿಂದ, ಜನಗಣತಿಯಿಂದ ಬರೆಯುತ್ತ ಬಂದಿದ್ದೇವೆ. ಆ ಕನ್ನಡದಲ್ಲಿ ಜನ ಜೋಳ ಅಳೆದರು, ಬಡ್ಡಿ ಎಣಿಸಿದರು, ಕೆಲವರು ಸಾಲ ತೀರಿಸಿಯೂ ತೀರಿಸಿದರು. ಅವರು ಹರಿದುಹಾಕದೆ ಉಳಿಸಿಕೊಂಡ ರಸೀದಿಗಳು ಇನ್ನೂ ಓದುವವರಿಗಾಗಿ ಕಾದಿವೆ.